ಹೊಗೆಕೋಣೆಯ ಒಳಚಿಲಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೊಲೀಸ್ ಸಮವಸ್ತ್ರದ ಮೇಲೆ ಹಳೇ ಸ್ವೆಟರ್ ಹಾಕಿಕೊಂಡು ರದೋಯ್ಕಾ ಅವರು ಸ್ತಾಮೆನಾ ಎಂಬ ರೈತ ಹೆಂಗಸಿನ ಅಡುಗೆಮನೆಯಲ್ಲಿ ಕೂತಿದ್ದಾರೆ. ಸ್ತಾಮೆನಾಳ ಗಂಡ ತದಿಯಾ ಕೊಟ್ಟಿಗೆಯಲ್ಲಿ ದನಗಳಿಗೆ ಹುಲ್ಲು ಹಾಕುತ್ತಿದ್ದಾನೆ. ಅವನು ಒಳಗಿರಬಾರದೆಂದೇ ರದೋಯ್ಕಾ ಈ ಹೊತ್ತಿಗೆ ಬಂದಿರುವುದು. ಪಶ್ಚಿಮ ಸರ್ಬಿಯಾದ ಈ ಕಣಿವೆಯಲ್ಲಿ ಬಂದೂಕಿನ ಪರವಾನಗಿ ಕೇಳಿದವರ ಮನೆಗೆ ಹೋಗಿ ಮನೆಯವರನ್ನು ಮಾತನಾಡಿಸುವುದು ರದೋಯ್ಕಾ ಅವರ ಕೆಲಸ. ತದಿಯಾನ ಹಳೇ ಪರವಾನಗಿಯ ಅವಧಿ ಮುಗಿದಿದೆ; ಹೊಸದಕ್ಕೆ ಅರ್ಜಿ ಹಾಕಿದ್ದಾನೆ. (ಈ ದಂಪತಿಯ ಹೆಸರು ಬದಲಿಸಿದೆ.)

"ಅಂಥ ಗಂಡ ಎಲ್ಲೂ ಸಿಗಲ್ಲ ಕಣಕ್ಕ," ಎನ್ನುತ್ತಾ ಸ್ತಾಮೆನಾ ಕಾಫಿ ಬಗ್ಗಿಸುತ್ತಾಳೆ. "ಭಾನುವಾರ ಮಗನ ಮದುವೆ. ಪರವಾನಗಿ ಬೇಗ ಕೊಡಿಸಿಬಿಡಿ."

ಇಲ್ಲಿನ ಮದುವೆಗಳಲ್ಲಿ ದಿಬ್ಬಣ ಹೋದಾಗ ಹೆಣ್ಣಿನ ಮನೆಯ ಮುಂದಿನ ಎತ್ತರದ ಗಳುವಿನ ತುದಿಯಲ್ಲಿ ಸೇಬು ತೂಗುತ್ತಿರುತ್ತದೆ. ವರ ಅದಕ್ಕೆ ಗುಂಡು ಹೊಡೆದು ಕೆಡವಬೇಕು. ಅಲ್ಲಿಯವರೆಗೆ ಹೆಣ್ಣು ಹೊಸ್ತಿಲು ದಾಟುವುದಿಲ್ಲ.

ಗಂಡ ಹೊಡೆಯುತ್ತಾನೆಯೇ ಎಂದು ರದೋಯ್ಕಾ ಯಾರನ್ನೂ ಕೇಳುವುದಿಲ್ಲ. "ಹಾಗೆ ಕೇಳಿದ್ರೆ ಎಲ್ಲರೂ ಇಲ್ಲ ಅಂತಾರೆ." ಹಸುವಿನ ಮಾತು, ಹೊಸ ಸೊಸೆಯ ಮಾತು ಮುಗಿದ ಮೇಲೆ, ಕಾಫಿ ಹೀರುತ್ತಾ ಕೇಳುತ್ತಾರೆ: "ಅವನು ಕುಡಿದು ಬಂದ ದಿನ ಎಲ್ಲಿ ಮಲಗ್ತೀಯಮ್ಮ?"

"ಮಾಂಸ ಒಣಗಿಸೋ ಹೊಗೆಕೋಣೇಲಿ. ಒಳಗಿಂದ ಚಿಲಕ ಹಾಕಿಸಿದೀನಲ್ಲ," ಎಂದುಬಿಡುತ್ತಾಳೆ ಸ್ತಾಮೆನಾ. ಆಮೇಲೆ ಅವಳ ಕೈ ಬಾಯಿಗೆ ಹೋಗುತ್ತದೆ.

ಹಿಂದೆಲ್ಲ ವೈದ್ಯರ ಚೀಟಿಯೊಂದಿದ್ದರೆ ಪರವಾನಗಿ ಸಿಗುತ್ತಿತ್ತು. ರದೋಯ್ಕಾ ಅವರ ಶಾಲೆಯ ಗೆಳತಿ ಕೊಸಾರಾಳನ್ನು ಗಂಡ ಕೊಂದದ್ದು ಅಂಥ ಬಂದೂಕಿನಿಂದಲೇ. "ಕಾಗದ ಎಲ್ಲ ಸರಿಯಾಗೇ ಇತ್ತು. ಅವಳನ್ನ ಮಾತ್ರ ಯಾರೂ ಕೇಳಿರಲಿಲ್ಲ." ಈಗ ಮನೆಯವರನ್ನು ಕೇಳಲೇಬೇಕೆಂಬ ನಿಯಮವಿದೆ. ಅದರಿಂದ ಎಷ್ಟು ಜೀವ ಉಳಿದಿದೆ ಎಂದು ಕೇಳಿದರೆ ರದೋಯ್ಕಾ ನಗುತ್ತಾರೆ: "ನಡೆಯದೇ ಹೋದದ್ದನ್ನ ಯಾರು ಎಣಿಸ್ತಾರೆ? ಅಟ್ಟದ ಮೇಲೆ ಯುದ್ಧದ ಕಾಲದ ಬಂದೂಕು ಬೇರೆ ಬಚ್ಚಿಟ್ಟಿದಾರೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ."

ತದಿಯಾ ಸಗಣಿಯ ಬೂಟಿನಲ್ಲೇ ಒಳಗೆ ಬರುತ್ತಾನೆ.

"ಏನಂತೆ? ಆಯ್ತೇನು?"

"ಇಲ್ಲ. ನನಗೆ ಸರಿ ಕಾಣಲಿಲ್ಲ. ಬಂದೂಕು ನಮ್ಮ ಜತೆ ಬರುತ್ತೆ."

"ಇವಳೇನಾದ್ರೂ ಅಂದ್ಲಾ?"

"ಅಂದ್ಲು. ನಿನ್ನಂಥ ಗಂಡ ಎಲ್ಲೂ ಸಿಗಲ್ಲ ಅಂದ್ಲು. ಬೇಡ ಅಂದವಳು ನಾನು. ಬೈಯೋದಿದ್ರೆ ಠಾಣೆಗೇ ಬಾ."

ಜೀಪಿನಲ್ಲಿ ಕಾಯುತ್ತಿದ್ದ ಪೇದೆ ಬಂದು ಗೋಡೆಯ ಮೇಲಿನ ಬಂದೂಕು ಇಳಿಸುತ್ತಾನೆ. ತದಿಯಾನ ಕುತ್ತಿಗೆ ಕೆಂಪೇರುತ್ತದೆ. ಸ್ತಾಮೆನಾ ಕಾಫಿ ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದಾಳೆ.

ಭಾನುವಾರ ಬಂದೂಕಿಲ್ಲದ ಮದುಮಗ ಕೋಟು ಬಿಚ್ಚಿಟ್ಟು ಸೇಬಿಗೆ ಕಲ್ಲು ಬೀರುತ್ತಾನೆ. "ಬೇಗ ಹೊಡಿಯೋ, ಹುಡುಗಿ ಕೂದಲು ನೆರೀತಾ ಇದೆ!" ಎಂದು ಹೆಣ್ಣಿನ ಕಡೆಯ ಹೆಂಗಸರು ಕೂಗುತ್ತಾರೆ. ನಗು, ಕೇಕೆ. ಕೊನೆಗೂ ಸೇಬು ಬೀಳುತ್ತದೆ. ಆ ನಗುವಿನಲ್ಲಿ ತದಿಯಾ ಒಬ್ಬ ಮಾತ್ರ ಸೇರುವುದಿಲ್ಲ.

ಮರುದಿನ ಅಂಗಡಿಯಲ್ಲಿ ರದೋಯ್ಕಾ ಅವರನ್ನು ಕಂಡು ಎಲ್ಲರೆದುರು ಸ್ತಾಮೆನಾ ಮುಖ ತಿರುಗಿಸುತ್ತಾಳೆ. "ನನ್ನ ಮಗನ ಮದುವೇಲಿ ಮಾನ ಕಳೆದ ಹೆಂಗಸು ಇವಳೇ!" ರದೋಯ್ಕಾ ಬ್ರೆಡ್ಡು ಕೊಂಡು ಹೊರಬರುತ್ತಾರೆ.

ನೋವಾಗಲಿಲ್ಲವೇ ಎಂದು ರದೋಯ್ಕಾ ಅವರನ್ನು ಕೇಳಿದರೆ:

"ಬೈಲಿ ಬಿಡಿ. ಬೈಯೋಕೆ ಇವಳಾದ್ರೂ ಉಳಿದಿದಾಳಲ್ಲ."