ಬೇರು ಕುಡಿದದ್ದು

ಆ ಬೀದಿಯವರಿಗೆಲ್ಲ ಅವಳು ಸೊಪ್ಪಿನಕ್ಕ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ, ಅದರ ಹಿಂದಿನ ಪಾಳು ಜಾಗವನ್ನು ಒಬ್ಬಳೇ ಅಗೆದು ಹಸನು ಮಾಡಿ ಪಾಲಕ್ ಬೆಳೆದವಳು. ಯಾರಾದರೂ ಚೌಕಾಸಿಗಿಳಿದರೆ, "ಇದನ್ನ ತಿಂದ್ರೆ ಮುದುಕರೂ ಓಡ್ತಾರೆ, ಬೇಡ ಅಂದ್ರೆ ಕೂತೇ ಇರಿ" ಎಂದು ನಗಿಸುತ್ತಿದ್ದಳು. ಸೊಸೆ ಬಸುರಿಯಾದಾಗ ಎಳೆಯ ಎಲೆಗಳನ್ನೆಲ್ಲ ಮನೆಗೇ ಎತ್ತಿಟ್ಟು, ಎದುರಿಗೆ ಕೂತು ತಿನ್ನಿಸಿದ್ದಳು.

ಮೊಮ್ಮಗಳು ಶಾಲೆಗೆ ಹೋಗುವ ವಯಸ್ಸಿಗೆ ಬಂದರೂ ಮಾತು ಬರಲಿಲ್ಲ. ಆಸ್ಪತ್ರೆಯವರು ರಕ್ತ ನೋಡಿದರು, ಮಕ್ಕಳ ಮಿದುಳನ್ನು ಕೆಡಿಸುವ ಸೀಸ ಇತ್ತು. ಸೊಪ್ಪನ್ನು ನೋಡಿದರು, ಅದರಲ್ಲೂ ಇತ್ತು.

"ನಾನು ಚೆನ್ನಾಗಿ ತೊಳೆದೇ ಕೊಡ್ತಿದ್ದೆನಲ್ಲಮ್ಮಾ?" ಎಂದಳು ಸೊಪ್ಪಿನಕ್ಕ, ಡಾಕ್ಟರಮ್ಮನಿಗೆ.

"ತೊಳೆದ್ರೆ ಮೇಲಿನ ಧೂಳು ಹೋಗುತ್ತೆ ಅಷ್ಟೇ. ಮಣ್ಣಿನಿಂದ ಬೇರು ಕುಡಿದು ಎಲೆಯೊಳಗೆ ಸೇರಿದ್ದು ಹೋಗಲ್ಲ."

"ಮಗು ಮಾತಾಡುತ್ತಾ?"

"ಮೈಗೆ ಇನ್ನಷ್ಟು ಸೀಸ ಸೇರದ ಹಾಗೆ ನೋಡ್ಕೋಬಹುದು" ಎಂದರು ಡಾಕ್ಟರಮ್ಮ.

ಮನೆಗೆ ಬಂದವಳೇ ಮಡಿಗಿಳಿದು ಬೇರುಸಹಿತ ಕೀಳತೊಡಗಿದಳು. ಕಿತ್ತದ್ದನ್ನು ದನಕ್ಕೆ ಹಾಕುವಂತಿರಲಿಲ್ಲ, ಗೊಬ್ಬರ ಮಾಡುವಂತೆಯೂ ಇರಲಿಲ್ಲ. ಸೊಸೆ ಬಂದು ಪಕ್ಕದಲ್ಲೇ ಕೂತು ತಾನೂ ಕೈಹಾಕಿದಳು.

"ಬಾಯಿಗೆ ಬಂದ ಹಾಗೆ ಬೈದುಬಿಡು ನನ್ನ."

"ನಿಮಗೇನು ಗೊತ್ತಿತ್ತು ಅತ್ತೆ" ಎಂದಳು ಸೊಸೆ, ತಲೆ ಎತ್ತದೆ.

ಮರುದಿನ ಸೊಪ್ಪಿನಕ್ಕ ಬುಟ್ಟಿಯಿಲ್ಲದೆ ಬೀದಿಗೆ ಹೋಗಿ, ಸೊಪ್ಪು ಕೊಟ್ಟ ಮನೆಗಳ ಬಾಗಿಲನ್ನೆಲ್ಲ ತಟ್ಟಿ, ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳಿದಳು. ಕೆಲವರು ಶಪಿಸಿದರು, ಕೆಲವರು ಮುಖದ ಮೇಲೇ ಬಾಗಿಲು ಹಾಕಿದರು. ಬಾಣಂತಿಯೊಬ್ಬಳು ಮಾತ್ರ ತೊಡೆಯ ಮೇಲಿನ ಕೂಸನ್ನೇ ನೋಡುತ್ತ ಕೂತುಬಿಟ್ಟಳು.