ಮುಂದಿನ ಹಡಗಿನ ಅಡುಗೆಯವನು

ಲಿವರ್‌ಪೂಲಿನ ಹಡಗುಧಕ್ಕೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಕತ್ಬರ್ಟ್ ರಿಮ್ಮರನಿಗೆ ಮಂಜು ಕವಿದ ದಿನ ಬಂತೆಂದರೆ ಎಲ್ಲಿಲ್ಲದ ಹಿಗ್ಗು. ನದಿಯಲ್ಲಿ ಓಡಾಟ ನಿಂತು, ಕ್ರೇನುಗಳು ಸುಮ್ಮನಾಗಿ, ಹಮಾಲರೆಲ್ಲ ಹವೆಯನ್ನು ಬೈಯುತ್ತಾ ಒಳಗೆ ಬಂದು ಕೂರುತ್ತಿದ್ದರು. ಅವನೊಬ್ಬ ಮಾತ್ರ ಸೌಟು ಹಿಡಿದುಕೊಂಡೇ ಬಾಗಿಲಿಗೆ ಹೋಗಿ ಆ ಬಿಳುಪಿನೊಳಗೆ ಕಿವಿಗೊಟ್ಟು ನಿಲ್ಲುತ್ತಿದ್ದ.

"ಏನ್ ಕತ್ಬರ್ಟ್, ಹೊರಗೆ ಚಿನ್ನ ಉದುರ್ತಾ ಇದೆಯಾ?" ಎಂದು ಯಾರಾದರೂ ಕೆಣಕುವರು.

"ಉದುರಿದ್ರೆ ನಿನಗೂ ಒಂದು ಚಮಚ ಹಾಕ್ತೀನಿ. ಬಾಯಿ ಮುಚ್ಕೊಂಡು ತಿನ್ನು."

ಅವನ ಮನಸ್ಸಿನಲ್ಲಿ ಆಗ ಇರುತ್ತಿದ್ದದ್ದು ಇನ್ನೊಂದು ಮಂಜು. ಯುದ್ಧದ ಕಾಲದಲ್ಲಿ ಅವನು 'ಕೆಲ್ಸೋ ಮೂರ್' ಎಂಬ ಹಳೆಯ ಹಡಗಿನ ಅಡುಗೆಯವ. ಕೆನಡಾದ ಹ್ಯಾಲಿಫ್ಯಾಕ್ಸಿನಿಂದ ಗೋಧಿ ತುಂಬಿಕೊಂಡು ಅಟ್ಲಾಂಟಿಕ್ ದಾಟಿ ಬರುವುದು ಅದರ ಕೆಲಸ. ಒಂಟಿಯಾಗಿ ಹೊರಟರೆ ಜರ್ಮನರ ಸಬ್‌ಮರೀನಿನ ಬಾಯಿಗೆ ಬೀಳುವುದೇ ಸೈ. ಅದಕ್ಕೇ ನಲವತ್ತು ಐವತ್ತು ಹಡಗುಗಳು ಸಾಲುಸಾಲಾಗಿ ಹಿಂಡು ಕಟ್ಟಿಕೊಂಡು ಹೊರಡುತ್ತಿದ್ದವು. ಸುತ್ತ ನಾಲ್ಕಾರು ಯುದ್ಧನೌಕೆಗಳ ಕಾವಲು. ಬೆಳಿಗ್ಗೆ ರೊಟ್ಟಿಯ ಒಲೆ ಹೊತ್ತಿಸಿ ಮೇಲೆ ಬಂದು ನೋಡಿದರೆ, ಕಣ್ಣು ಹಾಯುವವರೆಗೂ ಹೊಗೆ ಬಿಡುತ್ತಾ ಜೊತೆಗೆ ನಡೆಯುತ್ತಿರುವ ಹಡಗುಗಳು. ಊರಿಗೆ ಊರೇ ಎದ್ದು ಹೊರಟಂತೆ ಇರುತ್ತಿತ್ತು ಅದು.

ನಲವತ್ತೆರಡರ ಮೇ ತಿಂಗಳಲ್ಲಿ ಅವರ ಸಾಲಿನಲ್ಲಿ ಮುಂದೆಯೇ ಇದ್ದದ್ದು 'ಹೆಲ್ಗಾ ಬ್ರೆಕ್ಕೆ' ಎಂಬ ನಾರ್ವೆಯ ಹಡಗು. ಕತ್ಬರ್ಟ್ ಆಲೂಗಡ್ಡೆಯ ಮೂಟೆ ತರಲು ಮುಂದಿನ ತುದಿಗೆ ಹೋದಾಗಲೆಲ್ಲ ಆ ಹಡಗಿನ ಹಿಂತುದಿಯಲ್ಲಿ ಅಡುಗೆಯವನೊಬ್ಬ ಕಾಣುತ್ತಿದ್ದ. ಕಿವಿ ಮುಚ್ಚುವ ಉಣ್ಣೆಯ ಟೋಪಿ, ಮೊಣಕಾಲಿನವರೆಗೆ ಇಳಿದ ಕೋಟು, ಅದರ ಮೇಲೆ ಬಿಳಿಯ ಏಪ್ರನ್ನು. ಮೊದಲ ದಿನ ಕತ್ಬರ್ಟ್ ತಮಾಷೆಗೆ ಒಂದು ಆಲೂಗಡ್ಡೆ ಎತ್ತಿ ತೋರಿಸಿದ. ಅತ್ತ ಕಡೆಯವನು ಒಳಗೆ ಹೋಗಿ, ಮೊಳದುದ್ದದ ಒಣಮೀನೊಂದನ್ನು ತಂದು ಬಾವುಟದಂತೆ ಬೀಸಿದ. ಅಲ್ಲಿಂದ ಅದೇ ಆಟ. ಇವನು ಹೊಸ ರೊಟ್ಟಿ ತೋರಿಸಿದರೆ ಅವನು ಮೂಗು ಮುಚ್ಚಿಕೊಳ್ಳುವನು. ಅವನು ಬಾಣಲೆ ತೋರಿಸಿದರೆ ಇವನು ಹೊಟ್ಟೆ ಹಿಡಿದುಕೊಂಡು ಬೀಳುವವನಂತೆ ನಟಿಸುವನು.

ನ್ಯೂಫೌಂಡ್‌ಲ್ಯಾಂಡ್ ದಾಟುತ್ತಿದ್ದಂತೆ ಮಂಜು ಇಳಿಯಿತು. ತನ್ನ ಕೈ ತನಗೇ ಕಾಣದಷ್ಟು ದಟ್ಟ. ಅಂಥ ಹೊತ್ತಿನಲ್ಲಿ ಪ್ರತಿ ಹಡಗೂ ಹಿಂದೆ ಉದ್ದ ಹಗ್ಗದಲ್ಲಿ ಒಂದು ಪೀಪಾಯಿ ಕಟ್ಟಿ ಎಳೆಯುತ್ತಿತ್ತು. ಅದು ಎಬ್ಬಿಸುವ ನೀರಿನ ಚಿಲುಮೆಯನ್ನು ನೋಡಿಕೊಂಡು ಹಿಂದಿನವರು ಬರಬೇಕು. ಆ ದಿನ ಚಿಲುಮೆಯೂ ಕಾಣದೆ, ಹಡಗಿನ ಮುಂದಿನ ತುದಿಯಲ್ಲಿ ಕಣ್ಣಿಟ್ಟು ನಿಂತಿದ್ದವರು ಕಂಗಾಲಾದರು. ಆಗ ಮುಂದಿನಿಂದ ಢಣ್, ಢಣ್ ಎಂದು ಬಾಣಲೆ ಬಡಿಯುವ ಸದ್ದು ಕೇಳಿತು.

"ಅದು ನಮ್ಮ ಒಣಮೀನಿನವನೇ!" ಎಂದ ಕತ್ಬರ್ಟ್. ತಾನೂ ದೊಡ್ಡ ತಪ್ಪಲೆ ತಂದು ಬಡಿಯತೊಡಗಿದ. ಸೂಪು ತಳ ಹಿಡಿದರೂ ಅವನು ಅಲ್ಲಿಂದ ಕದಲಲಿಲ್ಲ. ಮಂಜು ಹರಿಯುವವರೆಗೂ ಇಬ್ಬರೂ ಹಾಗೆ ಒಬ್ಬರಿಗೊಬ್ಬರು ಓಗೊಡುತ್ತಾ ಹೋದರು.

ಸಮುದ್ರದ ನಡುಮಧ್ಯದಲ್ಲಿ, ಬಿಸಿಲು ಬಿದ್ದ ಒಂದು ಮಧ್ಯಾಹ್ನ, ಊಟದ ತಟ್ಟೆಗಳನ್ನು ತೊಳೆಯುತ್ತಿದ್ದಾಗ ಹಡಗಿನ ಮೈಯೆಲ್ಲ ಅದುರುವಂತೆ ಸದ್ದಾಯಿತು. ಓಡಿಬಂದು ನೋಡಿದರೆ ಹೆಲ್ಗಾ ಬ್ರೆಕ್ಕೆ ಟಾರ್ಪಿಡೊ ತಿಂದು ಮಗ್ಗುಲಿಗೆ ಮಲಗುತ್ತಿತ್ತು.

ಹಿಂದೆ ಬರುತ್ತಿದ್ದ ಕೆಲ್ಸೋ ಮೂರ್ ನಿಲ್ಲುವಂತಿರಲಿಲ್ಲ. ನಿಂತದ್ದೂ ಮುಳುಗುತ್ತದೆ, ಅದು ಎಲ್ಲರಿಗೂ ಗೊತ್ತಿದ್ದ ಕಟ್ಟಪ್ಪಣೆ. ಕ್ಯಾಪ್ಟನ್ ಪ್ರಿಚರ್ಡ್ ಹಡಗನ್ನು ಪಕ್ಕಕ್ಕೆ ತಿರುಗಿಸಿ, ಮುಳುಗುತ್ತಿದ್ದ ಹಡಗಿಗೆ ತಾಗಿದಂತೆ ದಾಟಿಸಿದ. ನೀರಿನಲ್ಲಿ ತಲೆಗಳು ಕಾಣುತ್ತಿದ್ದವು. ಒಬ್ಬನ ಕೂಗೂ ಕೇಳುತ್ತಿತ್ತು. ಕತ್ಬರ್ಟನಿಗೆ ಏನು ತೋಚಿತೋ, ಊಟದ ಮನೆಯ ಬೆಂಚುಗಳನ್ನು ಒಂದೊಂದಾಗಿ ಎಳೆದು ತಂದು ನೀರಿಗೆ ಎಸೆದ. ಆಮೇಲೆ ಮೊಟ್ಟೆಯ ಪೆಟ್ಟಿಗೆ, ಹಿಟ್ಟಿನ ಪೀಪಾಯಿ, ಕೊನೆಗೆ ತರಕಾರಿ ಹೆಚ್ಚುವ ಮಣೆ. ತೇಲುವಂಥದ್ದು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದ. ತಲೆಗಳು ಹಿಂದೆ ಸರಿದು ಸಣ್ಣವಾಗಿ, ಕಾಣದಾದವು.

ಸಂಜೆ ಕ್ಯಾಪ್ಟನ್ ಅವನನ್ನು ಕರೆಸಿದ. "ನಮ್ಮ ಬೆಂಚುಗಳೆಲ್ಲ ಏನಾದವು, ರಿಮ್ಮರ್? ಜನ ನಿಂತುಕೊಂಡು ಊಟ ಮಾಡ್ತಿದಾರೆ."

"ಸಮುದ್ರಕ್ಕೆ ಬಿದ್ವು ಸಾರ್. ಹಡಗು ಜೋರಾಗಿ ವಾಲ್ತಲ್ಲ, ಆಗ."

ಆ ದಿನ ಸಮುದ್ರ ತಟ್ಟೆಯಲ್ಲಿಟ್ಟ ನೀರಿನಂತೆ ಇತ್ತು. ಪ್ರಿಚರ್ಡ್ ಕಿಟಕಿಯಾಚೆ ನೋಡಿದ.

"ಹೌದು, ವಾಲ್ತು. ನಾನೂ ನೋಡ್ದೆ. ಹೋಗು, ಟೀ ಕಳಿಸು."

ಲಿವರ್‌ಪೂಲ್ ಮುಟ್ಟಿದ ಮೇಲೆ ಕತ್ಬರ್ಟ್ ನೇರ ಮನೆಗೆ ಹೋಗಲಿಲ್ಲ. ಹಿಂಡಿನ ಬಾಲದಲ್ಲಿ, ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲೆಂದೇ ಒಂದು ಸಣ್ಣ ಹಡಗು ಬರುತ್ತಿತ್ತು. ಅದು ಕೆಲವರನ್ನು ಉಳಿಸಿಕೊಂಡು ಬಂದಿದೆ ಎಂಬ ಸುದ್ದಿ ಧಕ್ಕೆಯಲ್ಲೇ ಸಿಕ್ಕಿತ್ತು. ನಾರ್ವೆಯ ನಾವಿಕರು ತಂಗುವ ಮನೆಗೆ ಹೋಗಿ, ಹೆಲ್ಗಾ ಬ್ರೆಕ್ಕೆಯ ಅಡುಗೆಯವನು ಉಳಿದನೇ ಎಂದು ಕೇಳಿದ. ಅಲ್ಲಿದ್ದವರು ಮುಖ ಮುಖ ನೋಡಿಕೊಂಡು ಒಳಗಿನ ಕೋಣೆ ತೋರಿಸಿದರು.

ಅಲ್ಲಿ ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದವಳು ಐವತ್ತು ದಾಟಿದ ಹೆಂಗಸು. ಅಗಲ ಮುಖ, ಹಣೆಯ ಮೇಲೆ ಪಟ್ಟಿ.

"ಅಡುಗೆಯವನನ್ನ ನೋಡಬೇಕಿತ್ತು ತಾಯಿ," ಎಂದ ಕತ್ಬರ್ಟ್.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೈಯೆತ್ತಿ, ಗಾಳಿಯಲ್ಲಿ ಮೀನು ಬೀಸುವಂತೆ ಬೀಸಿದಳು.

ಕತ್ಬರ್ಟ್ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅಯ್ಯೋ ದೇವರೇ! ನೀನು ಹೆಂಗಸಾ?"

"ಹುಟ್ಟಿದಾಗಿಂದ," ಎಂದಳು ಅವಳು. "ನೀನೇನಾ ಆಲೂಗಡ್ಡೆ? ದೂರದಿಂದ ಇನ್ನೂ ಸ್ವಲ್ಪ ಚೆನ್ನಾಗಿ ಕಾಣ್ತಿದ್ದೆ."

ಅವಳ ಹೆಸರು ಬೊರ್ಗಿಲ್ಡ್ ತ್ವೈತ್. ಮೊದಲು ಗಂಡನ ಜೊತೆ ಹಡಗಿಗೆ ಬಂದವಳು. ಗಂಡ ಹೋದ ಮೇಲೂ ಹಡಗು ಬಿಟ್ಟಿರಲಿಲ್ಲ. ಇಬ್ಬರೂ ಟೀ ಕುಡಿದರು. ಕತ್ಬರ್ಟ್ ಖಾಲಿ ಲೋಟ ಕೆಳಗಿಟ್ಟ.

"ನಾವು ನಿಲ್ಲಲಿಲ್ಲ."

"ನಿಲ್ಲೋ ಹಾಗಿರಲಿಲ್ಲ."

"ನಾನು ಎಸೆದದ್ದು ಏನಾದ್ರೂ ಸಿಕ್ತಾ ನಿಮಗೆ?"

"ಏನೂ ಸಿಗಲಿಲ್ಲ. ಎಲ್ಲಾ ಅತ್ತ ಕಡೆ ತೇಲ್ಕೊಂಡು ಹೋಯ್ತು." ಅವಳು ಹಣೆಯ ಪಟ್ಟಿ ಮುಟ್ಟಿಕೊಂಡಳು. "ಒಂದು ಬೆಂಚು ಮಾತ್ರ ನೇರ ನನ್ನ ತಲೆಗೇ ಬಂತು! ಅದಕ್ಕೆ ಈ ಪಟ್ಟಿ. ಅಷ್ಟು ಸಿಟ್ಟು ಬಂತು ನನಗೆ, ನಿನ್ನನ್ನ ಬೈದೂ ಬೈದೂ, ಆ ಬೈಗುಳದಲ್ಲೇ ಈಜ್ತಾ ಇದ್ದೆ, ದೋಣಿ ಬರೋವರೆಗೂ."

ಕತ್ಬರ್ಟನಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂತು. ಅವಳು ಇನ್ನೊಂದು ಲೋಟ ಟೀ ಬಗ್ಗಿಸಿದಳು.

ಬೊರ್ಗಿಲ್ಡ್ ಗಾಯ ಮಾಗುತ್ತಲೇ ಇನ್ನೊಂದು ಹಡಗು ಹತ್ತಿದಳು. ಕತ್ಬರ್ಟನೂ ಯುದ್ಧ ಮುಗಿಯುವವರೆಗೂ ಓಡಾಡಿದ. ಆಮೇಲೆ ಲಿವರ್‌ಪೂಲಿನ ಪಕ್ಕದ ಬೂಟಲ್‌ನಲ್ಲಿ ಮನೆ, ಹೆಂಡತಿ ವಿನಿಫ್ರೆಡ್, ಧಕ್ಕೆಯ ಕ್ಯಾಂಟೀನು. ಪ್ರತಿ ಕ್ರಿಸ್‌ಮಸ್ಸಿಗೆ ನಾರ್ವೆಯ ಬೆರ್ಗೆನ್ ಊರಿನಿಂದ ಒಂದು ಒಣಮೀನು ಬರುತ್ತಿತ್ತು. "ಯಾರು ಕಳಿಸೋದು ಈ ಹಲಗೆನ?" ಎಂದು ವಿನಿ ಕೇಳಿದರೆ "ಹಳೇ ಅಡುಗೆಯವರು" ಎನ್ನುತ್ತಿದ್ದ, ಅಷ್ಟೇ. ಆ ಚಳಿ, ಆ ಹೆದರಿಕೆ, ಮುಳುಗಿದ ಗೆಳೆಯರು ಎಲ್ಲ ನೆನಪಿದ್ದೂ, ಆ ದಿನಗಳಿಗಾಗಿ ತನ್ನ ಜೀವ ಹಂಬಲಿಸುತ್ತದೆ ಎಂದು ಹೆಂಡತಿಯ ಮುಂದೆ ಹೇಳುವುದು ಹೇಗೆ?

ಐವತ್ತೆಂಟರ ಬೇಸಿಗೆಯಲ್ಲಿ ವಿನಿಯೇ ಹಟ ಹಿಡಿದು ಇಬ್ಬರಿಗೂ ಬೆರ್ಗೆನ್‌ಗೆ ಹಡಗಿನ ಚೀಟಿ ತೆಗೆಸಿದಳು. "ಆ ಅಡುಗೆಯವನನ್ನ ನಾನೂ ನೋಡೇ ಬಿಡ್ತೀನಿ," ಎಂದಳು. ಗುಡ್ಡದ ಮೇಲಿನ ಮರದ ಮನೆಯ ಬಾಗಿಲು ತೆರೆದ ಮುದುಕಿಯನ್ನು ಕಂಡು, ಗಂಡನ ಕಡೆ ತಿರುಗಿದಳು.

"ಇಷ್ಟು ವರ್ಷ ನನಗೆ ಹೇಳಲೇ ಇಲ್ವಲ್ಲೋ, ಪಾಪಿ!"

ಕತ್ಬರ್ಟನನ್ನು ಒಲೆಯ ಹತ್ತಿರ ಬಿಡಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುವ ಕೆಲಸ ಅವನ ಪಾಲಿಗೆ ಬಂತು. ಒಳಗೆ ಬೊರ್ಗಿಲ್ಡ್ ತನ್ನ ಹರಕು ಇಂಗ್ಲಿಷಿನಲ್ಲಿ ವಿನಿಗೆ ಎಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದಳು. ವಿನಿ ನಗುವುದು ಕೇಳಿಸಿತು. ಬಹಳ ಹೊತ್ತು ನಕ್ಕಳು. ಆಮೇಲೆ ಸದ್ದಡಗಿತು. ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದು, ಒದ್ದೆ ಕಣ್ಣುಗಳಲ್ಲೇ ಅವನ ಪಕ್ಕ ಕೂತು, ಬಟ್ಟಲಿನಿಂದ ಒಂದು ಹಿಡಿ ಬಟಾಣಿ ತೆಗೆದುಕೊಂಡಳು.

"ಇನ್ನೂ ಏನೇನಿದೆ, ಎಲ್ಲಾ ಹೇಳು," ಎಂದಳು.

ಅವನು ಹೇಳತೊಡಗಿದ.