ಬುಡ ಬಿಟ್ಟು ಬಂದ ಅಣಬೆ

ನನ್ನ ಅತ್ತೆಯನ್ನು ಆಸ್ಪತ್ರೆ ಸೇರಿಸಿದ್ದು ನಾನು ತಂದ ಅಣಬೆ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಸಿದ್ದಾಪುರದ ಬಸ್ಸಿನಲ್ಲಿ ನಮ್ಮೂರಿನವರು ಯಾರು ಸಿಕ್ಕರೂ ನನ್ನ ವಿಷಯದಲ್ಲಿ ಮೊದಲು ಹೇಳುವುದೇ ಅದನ್ನು.

ನಾನು ದಾಸನಕೊಪ್ಪದ ಕಡೆಯವಳು. ಅಲ್ಲಿ ನಮ್ಮ ಮನೆಯವರಿಗೆ ಅಣಬೆಯೆಂದರೆ ಗೋವಿನಜೋಳದ ಹೊಲದ ಬದುವಿನಲ್ಲಿ ಏಳುವ, ಕಾಲಲ್ಲಿ ಒದ್ದು ಮುಂದೆ ಹೋಗುವ ವಸ್ತು. ಮದುವೆಯಾಗಿ ಕೋಲಸಿರ್ಸಿಗೆ ಬಂದರೆ ಇಲ್ಲಿ ಜನ ಅದಕ್ಕಾಗಿ ಬೆಳಗಿನ ಚಾ ಬಿಟ್ಟು ಬೆಟ್ಟಕ್ಕೆ ಓಡುತ್ತಾರೆ. ಅತ್ತೆಗಂತೂ ಹುತ್ತದ ಅಣಬೆಯೆಂದರೆ ಜೀವ. ಮೊದಲ ಮಳೆಗಾಲದಲ್ಲೇ ನನ್ನ ಕೈಗೆ ಕತ್ತಿ ಕೊಟ್ಟು ನಿಯಮ ಹೇಳಿದರು.

"ಕೀಳ್ಬೇಡ ಮಾರಾಯ್ತಿ. ಮಣ್ಣಿಂದ ಮೇಲೆ ಕೊಯ್ಕ. ಬುಡ ಕಿತ್ರೆ ಮುಂದಿನ ವರ್ಷ ಏಳೂದಿಲ್ಲೆ."

ಹುತ್ತಕ್ಕೆಂದು ಹೇಳಿದ ಮಾತನ್ನು ನಾನು ಇಡೀ ಬೆಟ್ಟಕ್ಕೇ ಅನ್ವಯಿಸಿದೆ. ಹೊಸ ಸೊಸೆಯ ಶಿಸ್ತು ಅಂದರೆ ಹಾಗೇ. ಮರುವರ್ಷ ಅತ್ತೆ ಮಂಡಿನೋವೆಂದು ಮನೆಯಲ್ಲೇ ಉಳಿದರು. ಒಬ್ಬಳೇ ಹೋದೆ. ಹುತ್ತದ ಅಣಬೆಯ ಜೊತೆಗೆ ಬಿದಿರುಮೆಳೆಯ ಪಕ್ಕ ಕಂಡ ಬಿಳಿ ಕೊಡೆಗಳನ್ನೂ ನಾಜೂಕಾಗಿ ಕೊಯ್ದು ತಂದೆ. ಬುಟ್ಟಿಯಲ್ಲಿ ಎಲ್ಲವೂ ಒಂದೇ ತರ ಕಂಡವು. ಬೇಯುವಾಗ ಅತ್ತೆ ಒಂದು ಎಸಳು ಬೆಳ್ಳುಳ್ಳಿ ಹಾಕಿ, ಅದು ಕಪ್ಪಾಗದ್ದನ್ನು ನೋಡಿ "ಅಡ್ಡಿಲ್ಲೆ" ಎಂದರು. ಆ ಪರೀಕ್ಷೆ ಶುದ್ಧ ಸುಳ್ಳೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನನಗೆ ಸೋಮವಾರದ ಉಪವಾಸ, ಗಂಡ ಊರಲ್ಲಿರಲಿಲ್ಲ. ತಿಂದವರು ಅತ್ತೆ ಒಬ್ಬರೇ.

ಎರಡು ತಾಸಿಗೆ ವಾಂತಿ ಶುರುವಾಯಿತು. ಮೂರು ದಿನ ಆಸ್ಪತ್ರೆ. "ಎಂಥ ಅಣಬೆ? ಬುಡ ಹೇಗಿತ್ತು?" ಎಂದು ಡಾಕ್ಟರು ಕೇಳಿದರು. ಬುಡವನ್ನು ನಾನು ನೋಡಿಯೇ ಇರಲಿಲ್ಲ, ಅದು ಮಣ್ಣಿನಲ್ಲೇ ಉಳಿದಿತ್ತು. ಅತ್ತೆಯನ್ನು ಹಾಸಿಗೆ ಹಿಡಿಸಿದ್ದು ಯಾವ ಜಾತಿಯೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಯಾರು ಅಣಬೆ ತಂದುಕೊಟ್ಟರೂ "ಆಶೆ ಹೋತು" ಎಂದು ತಟ್ಟೆ ಸರಿಸುತ್ತಿದ್ದರು. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನಾನು ಬಡಿಸಿದ ಬಸಳೆ ಸಾರನ್ನೂ ಒಮ್ಮೆ ಮೂಸಿ ಆಮೇಲೆ ಉಣ್ಣುತ್ತಿದ್ದರು. ಅವರಿಗೇ ಗೊತ್ತಿಲ್ಲದೆ ಮಾಡುತ್ತಿದ್ದರೇನೋ, ನಾನು ಮಾತ್ರ ಪ್ರತಿ ಊಟದಲ್ಲೂ ಅದನ್ನೇ ಕಾಯುತ್ತಿದ್ದೆ. ಇದೇ ಅತ್ತೆ ನನ್ನ ಕೈಯಿಂದಲೇ ಮತ್ತೆ ಅಣಬೆ ತಿನ್ನಬೇಕು, ಅಲ್ಲಿಯವರೆಗೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಎಲೆ ಹಾಸಿ ಅಣಬೆ ಮಾರುವ ಅಜ್ಜಿಯೊಬ್ಬರಿದ್ದರು. ಎಲ್ಲ ಅಣಬೆ ಗುರುತಿಸಲು ಕಲಿಸಿ ಎಂದು ಗಂಟುಬಿದ್ದೆ.

"ಎಲ್ಲ ಕಲ್ತು ಎಂತ ಮಾಡ್ತೆ? ನಂಗೆ ಗೊತ್ತಿರೂದೇ ಮೂರು" ಎಂದು ನಕ್ಕರು. ಆದರೂ ಬೆಟ್ಟಕ್ಕೆ ಕರೆದೊಯ್ದರು. ಹುತ್ತದ ಗುಂಪಿನಲ್ಲಿ ಒಂದೇ ಒಂದರ ಸುತ್ತ ಕಡ್ಡಿಯಿಂದ ಮಣ್ಣು ಬಿಡಿಸಿದರು. ಟೊಪ್ಪಿಯ ನಡುವೆ ಬುಗುರಿಯ ಮೊಳೆಯಂಥ ಚೂಪು, ಕೆಳಗೆ ಬಾಲದ ಹಾಗೆ ಇಳಿದೇ ಇಳಿದ ಬೇರು. ಆಮೇಲೆ ಬಿದಿರಿನ ಬುಡದಲ್ಲಿದ್ದ ಬಿಳಿಯದೊಂದನ್ನು ಬಿಡಿಸಿದರು. ಅದಕ್ಕೆ ಬೇರಿಲ್ಲ, ಒಡೆದ ಮೊಟ್ಟೆಯ ಸಿಪ್ಪೆಯಂಥ ಚೀಲ.

"ಇದು ಕಂಡ್ರೆ ಕೈ ತೊಳ್ಕಂಡು ಮನಿಗೆ ಹೋಗು. ಇದಿಲ್ಲ ಅಂದ್ಕೂಡ್ಲೆ ಒಳ್ಳೇದು ಅಂತಲೂ ತಿಳೀಬೇಡ."

ಮೂರು ಮಳೆಗಾಲ ಅದೇ ಕೆಲಸವಾಯಿತು. ತಿನ್ನಲಿಕ್ಕಲ್ಲ, ನೋಡಲಿಕ್ಕೆ. ಟೊಪ್ಪಿ ಬಿಡಿಸಿ ಬಿಳಿ ಕಾಗದದ ಮೇಲೆ ಬೋರಲು ಹಾಕಿ ಬಟ್ಟಲು ಮುಚ್ಚಿಡುತ್ತಿದ್ದೆ. ಮರುದಿನ ಕಾಗದದ ಮೇಲೆ ಅದರ ಪುಡಿ ಬಿದ್ದಿರುತ್ತಿತ್ತು, ಆ ಪುಡಿಯ ಬಣ್ಣವೂ ಜಾತಿಯ ಗುರುತು. ಕೊಟ್ಟಿಗೆಯ ಹಿಂದೆ ಏಳುವ, ಹಾಲಿನಷ್ಟು ಬೆಳ್ಳಗಿನ ಒಂದು ಅಣಬೆ ವಿಷದ ಗುರುತಾದ ಹಸಿರು ಪುಡಿ ಉದುರಿಸಿದ್ದನ್ನು ನೋಡಿ ಬೆವತುಬಿಟ್ಟೆ. ಯಲ್ಲಾಪುರದಲ್ಲಿ ನೆಂಟರ ಮದುವೆಗೆ ಹೋದಾಗಲೂ ರೇಷ್ಮೆ ಸೀರೆಯಲ್ಲಿ ಬೇಲಿಯ ಬುಡದಲ್ಲಿ ಅಣಬೆ ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದೆ. ಗಂಡನಿಗೆ ನಾಚಿಕೆಯಾಯಿತಂತೆ. ಆಗಲಿ. ಕೊನೆಗೆ ನನಗೂ ಖಚಿತವಾಗಿ ಗೊತ್ತಾದದ್ದು ಮೂರೇ.

ನಾಲ್ಕನೇ ವರ್ಷ ಬುಟ್ಟಿ ತುಂಬ ಹುತ್ತದ ಅಣಬೆ ತಂದೆ. ಪ್ರತಿ ಗುಂಪಿನಲ್ಲೂ ಒಂದರ ಬೇರು ನೋಡಿ, ಒಂದೊಂದನ್ನೂ ತಿರುಗಿಸಿ ನೋಡಿ ತಂದದ್ದು. ಜಗಲಿಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅತ್ತೆ ಮೆಟ್ಟುಗತ್ತಿಯ ಮುಂದೆ ಕೂತು ಎಲ್ಲವನ್ನೂ ಹೆಚ್ಚಿ ಮುಗಿಸಿದ್ದರು. ಬುಟ್ಟಿ ನೋಡಿ ಹೋದ ಆಶೆ ಮರಳಿತ್ತೇನೋ, ಮುಖ ಅರಳಿತ್ತು.

"ನಂಗೂ ಹಿತ್ಲಾಗೆ ನಾಕು ಸಿಕ್ತು. ಅದ್ನೂ ಸೇರ್ಸಿದ್ದೆ. ಇವತ್ತು ಎರಡು ರೊಟ್ಟಿ ಜಾಸ್ತಿ ಸುಡು."

"ಅತ್ತೀ, ಅವುಗಳ ಬುಡಾ ಎಲ್ಲಿ?"

"ಬುಡ ಎಂತಕ್ಕೆ? ಕೊಯ್ದೆ."

ನಾಲ್ಕು ವರ್ಷ ಕಾದ ಆಶೆ ಪಾತ್ರೆಯಲ್ಲಿತ್ತು. ಆ ನಾಲ್ಕೂ ಒಳ್ಳೆಯವೇ ಇರಬಹುದಿತ್ತು. ಹಿತ್ತಿಲಿಗೆ ಓಡಿ ಹುಡುಕಿದೆ. ಕೋಳಿಗಳು ಕೆದರಿ ಎಲ್ಲ ಒಂದಾಗಿತ್ತು, ಯಾವ ಬುಡವೂ ಸಿಗಲಿಲ್ಲ. ವಾಪಸು ಬಂದು ಪಾತ್ರೆ ಎತ್ತಿಕೊಂಡೆ.

"ಎಲ್ಲಾನೂ ಚೆಲ್ಲಾಕತ್ತೇನ್ರಿ."

"ಹುಚ್ಚನೇ ನಿಂಗೆ? ಅಷ್ಟೂ?"

"ಅಷ್ಟೂ. ನೀವು ಬೈದ್ರೂ ಅಷ್ಟ, ಅತ್ರೂ ಅಷ್ಟ."

ಗುಂಡಿ ತೋಡಿ ಸುರಿದೆ. ಮೇಲೆ ಮಣ್ಣೆಳೆದೆ. ಅಳು ಬರುತ್ತಿತ್ತು, ಆದರೆ ಅನುಮಾನ ಇರಲಿಲ್ಲ. ಒಳಗೆ ಬಂದು ಒಲೆಯ ಮೇಲೆ ಬೇಳೆ ಇಟ್ಟೆ. ಅತ್ತೆ ಮೆಟ್ಟುಗತ್ತಿ ತೊಳೆದು ಗೋಡೆಗೊರಗಿಸಿಟ್ಟು ನನ್ನ ಹತ್ತಿರ ಬಂದರು.

"ನಾಳೆ ಮತ್ತೆ ಬೆಟ್ಟಕ್ಕೆ ಹೋಗ್ತ್ಯನೇ?"

"ಹೋಗ್ತೇನ್ರಿ."

"ತಕಂಡು ಬಾ. ನಾ ಮುಟ್ಟೂದಿಲ್ಲೆ. ಚೆಲ್ಲೂಕೆ ಕಲ್ತ್ಯಲೇ, ಇನ್ನು ನೀ ಬೇಯ್ಸಿದ್ದು ನಾ ತಿಂತೆ."